ಕಣದ ಆಯುಸ್ಸು, ಹೊಣೆಯ ಆಯುಸ್ಸು

ಹಜೀರಾದಲ್ಲಿ ನೆಲೆಸಿರುವ ನಮಗೆ ಧೂಳು ಹೊಸದಲ್ಲ. ತಾಪಿ ನದಿ ಕಡಲನ್ನು ಸೇರುವ ಈ ಮೂಲೆಯಲ್ಲಿ ಉಕ್ಕು, ಗೊಬ್ಬರ, ಅನಿಲ, ಭಾರೀ ಯಂತ್ರಗಳ ಕಾರ್ಖಾನೆಗಳು ಒಂದರ ಪಕ್ಕದಲ್ಲೊಂದು ಎದ್ದು ನಿಂತಿವೆ. ಅವುಗಳನ್ನೇ ನಂಬಿಕೊಂಡು ಧಾರವಾಡದ ಕಡೆಯವರು, ಕರಾವಳಿಯವರು, ಮೈಸೂರು ಸೀಮೆಯವರು ಇಲ್ಲಿ ಸಂಸಾರ ಹೂಡಿದ್ದೇವೆ. ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆಯ ಮೇಲೆ ಸಂಜೆ ಬೆರಳಾಡಿಸಿದರೆ ಗೆರೆ ಮೂಡುತ್ತದೆಂದು ನಮ್ಮ ಗೃಹಿಣಿಯರು ಗೊಣಗುವುದುಂಟು. ಈ ಕಾಣುವ ಧೂಳಿನ ಮಾತು ಹಾಗಿರಲಿ. ಕಣ್ಣಿಗೆ ಕಾಣದ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಸಿಕ್ಕದ ಇನ್ನೊಂದು ಬಗೆಯ ಕಣವಿದೆ. ಅದು ಬೆಸುಗೆಯ ಹೊಗೆಯಲ್ಲಿಯೂ ಇದೆ, ಆಸ್ಪತ್ರೆಯ ಸೂಜಿಯಲ್ಲಿಯೂ ಇದೆ. ಒಂದೆಡೆ ಅದನ್ನು ಹೊರಗಿಡಬೇಕೆಂದು ಮೂಗಿಗೆ ಮುಸುಕು ಕಟ್ಟುತ್ತೇವೆ. ಇನ್ನೊಂದೆಡೆ ಅದು ಒಳಗೆ ಹೋಗಲೆಂದು ಹಣ ತೆತ್ತು ತೋಳು ಚಾಚುತ್ತೇವೆ. ನ್ಯಾನೋ ಕಣಗಳೆಂದು ಕರೆಯಲಾಗುವ ಇವುಗಳ ವಿಷಯದಲ್ಲಿ ಏಳುವ ಒಂದು ನೈತಿಕ ಪ್ರಶ್ನೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಮ್ಮ ದೇಹದೊಳಗೆ ಹೋಗಿ ಅಲ್ಲಿಯೇ ಉಳಿಯಬಹುದಾದ ವಸ್ತುವನ್ನು ಒಬ್ಬರು ನಮಗೆ ಕೊಟ್ಟಾಗ, ಅವರ ಹೊಣೆ ಎಷ್ಟು ಕಾಲದ್ದು?

ಮೊದಲು ಅಳತೆಯ ಮಾತು. ಒಂದು ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಮೀಟರು. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರು. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರಿನೊಳಗಿನ ಕಣಗಳಿಗೆ ಈ ಹೆಸರು. ವಸ್ತು ಇಷ್ಟು ಚಿಕ್ಕದಾದಾಗ ಅದರ ಗುಣವೇ ಬದಲಾಗುತ್ತದೆ. ಹಳದಿ ಚಿನ್ನವನ್ನು ಈ ಗಾತ್ರಕ್ಕೆ ಇಳಿಸಿ ನೀರಿನಲ್ಲಿ ಕದಡಿದರೆ ನೀರು ಕೆಂಪಾಗುತ್ತದೆ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಮಾಡಿಕೊಂಡ ಪರೀಕ್ಷೆಯ ಪಟ್ಟಿಯ ಮೇಲೆ ಮೂಡುತ್ತಿದ್ದ ಕೆಂಪು ಗೆರೆ, ಹಲವು ಕಿಟ್ಟುಗಳಲ್ಲಿ, ಇಂಥ ಚಿನ್ನದ ಕಣಗಳದ್ದೇ. ನಮ್ಮ ಸೂರತ್ತಿನವರು ಸಾಣೆ ಹಿಡಿಯುವ ವಜ್ರವೂ ಅಷ್ಟೇ. ಅದರ ನ್ಯಾನೋ ಗಾತ್ರದ ಕಣಗಳಲ್ಲಿ ಸಾರಜನಕದ ಒಂದು ಬಗೆಯ ದೋಷವಿದ್ದರೆ, ಹಸಿರು ಬೆಳಕು ಬಿದ್ದಾಗ ಅವು ಕೆಂಪಗೆ ಹೊಳೆಯುತ್ತವೆ. ಜೀವಕೋಶದೊಳಗೆ ದೀಪ ಹಚ್ಚಿದಂತೆ ಅವುಗಳನ್ನಿಟ್ಟು ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಒಳಗಿನ ವ್ಯಾಪಾರವನ್ನು ನೋಡುತ್ತಾರೆ. ಆಭರಣದ ಅಂಗಡಿಯಲ್ಲಿ ದೋಷವಿದ್ದ ಕಲ್ಲಿಗೆ ಬೆಲೆ ಕಡಿಮೆ. ಇಲ್ಲಿ ದೋಷಕ್ಕೇ ಬೆಲೆ.

ಗುಣ ಬದಲಾಗಲು ಮುಖ್ಯ ಕಾರಣವೊಂದನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಸೆಂಟಿಮೀಟರಿನ ಸಕ್ಕರೆ ಅಚ್ಚಿನಂಥ ಘನಕ್ಕೆ ಇರುವ ಹೊರಮೈ 6 ಚದರ ಸೆಂಟಿಮೀಟರು. ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರು. ದೊಡ್ಡದೊಂದು ಕಲ್ಯಾಣಮಂಟಪದ ನೆಲದಷ್ಟು. ತೂಕ ಕೂದಲೆಳೆಯಷ್ಟೂ ಹೆಚ್ಚಿಲ್ಲ, ಆದರೆ ರಕ್ತಮಾಂಸಗಳೊಡನೆ ವ್ಯವಹರಿಸುವ ಮೈ ಹತ್ತು ಲಕ್ಷಪಟ್ಟು ಹೆಚ್ಚಿತು. ಆದ್ದರಿಂದ ‘ಈ ವಸ್ತು ಮೊದಲಿನಿಂದಲೂ ಗೊತ್ತಿರುವುದೇ, ಏನೂ ಆಗುವುದಿಲ್ಲ’ ಎಂಬ ಸಮಾಧಾನ ಈ ಗಾತ್ರದಲ್ಲಿ ಸಲ್ಲದು.

ಇದೆಲ್ಲ ಪಶ್ಚಿಮದವರ ಹೊಸ ಆಟವೆಂದು ತಿಳಿಯಬೇಕಾಗಿಲ್ಲ. ನಮ್ಮ ಆಯುರ್ವೇದದ ಸ್ವರ್ಣಭಸ್ಮವನ್ನು ಇಂದಿನ ಉಪಕರಣಗಳಿಂದ ಪರೀಕ್ಷಿಸಿದವರು ಅದರಲ್ಲಿ ನ್ಯಾನೋ ಗಾತ್ರದ ಚಿನ್ನವನ್ನು ಕಂಡಿದ್ದಾರೆ. ಹಾಗೆಂದು ಹಳೆಯದೆಲ್ಲ ನಿರಪಾಯವೂ ಅಲ್ಲ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಸಿಕ್ಕಿತು. ಚಿಕ್ಕದು ಎಂಬುದು ಗುಣವೂ ಅಲ್ಲ, ದೋಷವೂ ಅಲ್ಲ. ಹೊಸದು, ಹಳೆಯದು ಎಂಬುದೂ ಹಾಗೆಯೇ.

ಲಾಭದ ಪಟ್ಟಿಯನ್ನು ಮೊದಲು ಹೇಳುವುದು ನ್ಯಾಯ. ಕ್ಯಾನ್ಸರಿಗೆ ಕೊಡುವ ಡಾಕ್ಸೊರುಬಿಸಿನ್ ಎಂಬ ಔಷಧ ಹೃದಯವನ್ನು ಕೆಡಿಸುವುದಕ್ಕೆ ಹೆಸರಾದದ್ದು. ಅದನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳೊಳಗೆ ತುಂಬಿಸಿ ಕೊಡುವ ಕ್ರಮಕ್ಕೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹೃದಯದ ಮೇಲಿನ ಹೊಡೆತ ತಗ್ಗಿತು. ಆದರೆ ಅಂಗೈ ಅಂಗಾಲುಗಳ ಚರ್ಮ ಕೆಂಪಾಗಿ ಸುಲಿಯುವ ಕಷ್ಟ ಹೆಚ್ಚಾಯಿತು. ಕಷ್ಟ ಮಾಯವಾಗದೆ ಮನೆ ಬದಲಾಯಿಸಿತೆನ್ನಬಹುದು. ಆದರೂ ಹೃದಯಕ್ಕಿಂತ ಅಂಗೈ ವಾಸಿಯೆಂದು ಯಾರೂ ಒಪ್ಪುತ್ತಾರೆ. ಕಬ್ಬಿಣದ ಆಕ್ಸೈಡಿನ ಕಣಗಳು ಎಂಆರ್‌ಐ ಚಿತ್ರದಲ್ಲಿ ಯಕೃತ್ತಿನ ಗಂಟುಗಳನ್ನು ತೋರಿಸಿಕೊಟ್ಟವು. 2020ರಿಂದೀಚೆಗೆ ಪ್ರಪಂಚದ ಕೋಟ್ಯಂತರ ಜನರು ಪಡೆದ ಎಂಆರ್‌ಎನ್‌ಎ ಲಸಿಕೆಗಳೂ ಕೊಬ್ಬಿನ ನ್ಯಾನೋ ಕಣಗಳ ಪಲ್ಲಕ್ಕಿಯಲ್ಲೇ ದೇಹವನ್ನು ಹೊಕ್ಕವು. ಕೊಬ್ಬಿನ ಈ ಕಣಗಳು ಕೆಲಸ ಮುಗಿಸಿ ಕರಗುವಂಥವು. ಕರಗದವುಗಳ ಕಥೆ ಬೇರೆ.

ರಕ್ತಕ್ಕೆ ಬಿದ್ದ ಕಣ ಎಲ್ಲಿಗೆ ಹೋಗುತ್ತದೆ? ಸುಮಾರು 6 ನ್ಯಾನೋಮೀಟರಿಗಿಂತ ಚಿಕ್ಕದಾಗಿದ್ದರೆ ಮೂತ್ರಪಿಂಡದ ಜರಡಿಯಿಂದ ಇಳಿದು ಹೊರಟುಹೋಗಬಲ್ಲದು. ಅದಕ್ಕಿಂತ ದೊಡ್ಡದನ್ನು ಯಕೃತ್ತು, ಗುಲ್ಮಗಳಲ್ಲಿ ಕಾದು ಕುಳಿತಿರುವ ಭಕ್ಷಕ ಕೋಶಗಳು ನುಂಗುತ್ತವೆ. ನುಂಗಿದ್ದು ಅರಗುವಂಥದಾದರೆ ಸರಿ. ಅರಗದಿದ್ದರೆ ಅಲ್ಲಿಯೇ ಠಿಕಾಣಿ. ಈ ಠಿಕಾಣಿಯ ಅರ್ಥವೇನೆಂದು ಮನುಷ್ಯಕುಲ ಒಮ್ಮೆ ಬಹಳ ಬೆಲೆ ತೆತ್ತು ಕಲಿತಿದೆ. ಅದು ಥೊರೊಟ್ರಾಸ್ಟಿನ ಕಥೆ.

1930ರ ಸುಮಾರಿಗೆ ಬಳಕೆಗೆ ಬಂದ ಥೊರೊಟ್ರಾಸ್ಟ್, ಥೋರಿಯಂ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ತೇಲಿಸಿದ ದ್ರವ. ಅಂದು ನ್ಯಾನೋ ಎಂಬ ಹೆಸರಿರಲಿಲ್ಲ, ವಸ್ತು ಮಾತ್ರ ಅದೇ. ಕ್ಷ-ಕಿರಣದ ಚಿತ್ರದಲ್ಲಿ ರಕ್ತನಾಳಗಳು ಎದ್ದು ಕಾಣಲೆಂದು ಇದನ್ನು ಚುಚ್ಚುತ್ತಿದ್ದರು. ಪೋರ್ಚುಗಲ್ಲಿನ ಎಗಾಸ್ ಮೊನಿಜ್ 1931ರಲ್ಲಿ ಮಿದುಳಿನ ರಕ್ತನಾಳಗಳ ಚಿತ್ರಕ್ಕೆ ಇದನ್ನು ಬಳಸಿದರು. ಚಿತ್ರ ಸ್ಫಟಿಕದಂತೆ ಬರುತ್ತಿತ್ತು. ರೋಗಿಗೆ ಉರಿಯಿಲ್ಲ, ವಾಂತಿಯಿಲ್ಲ. ಅಂದಿನ ಬೇರೆ ದ್ರವಗಳಿಗೆ ಹೋಲಿಸಿದರೆ ಇದು ಸಾಧುಪ್ರಾಣಿ. ಲಕ್ಷಾಂತರ ಜನರಿಗೆ ಕೊಟ್ಟರು. ಥೋರಿಯಂ ವಿಕಿರಣ ಸೂಸುವ ಲೋಹವೆಂಬುದು ತಿಳಿಯದ ಸಂಗತಿಯಾಗಿರಲಿಲ್ಲ. ಅಮೆರಿಕದ ವೈದ್ಯ ಸಂಘದ ಸಮಿತಿಯೊಂದು 1930ರ ದಶಕದ ಆರಂಭದಲ್ಲೇ ಎಚ್ಚರಿಸಿತ್ತು. ಆದರೆ ಕೂಡಲೇ ಏನೂ ಆಗಲಿಲ್ಲವಲ್ಲ! ಕಣಗಳು ಯಕೃತ್ತಿನಲ್ಲಿ, ಗುಲ್ಮದಲ್ಲಿ, ಮೂಳೆಯ ಮಜ್ಜೆಯಲ್ಲಿ ಕುಳಿತು ಸದ್ದಿಲ್ಲದೆ ವಿಕಿರಣ ಸೂಸುತ್ತಿದ್ದವು. 1947ರಲ್ಲಿ ಯಕೃತ್ತಿನ ಅಪರೂಪದ ಅರ್ಬುದವೊಂದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಿದ ವರದಿ ಬಂತು. 1950ರ ದಶಕದಲ್ಲಿ ಬಳಕೆ ನಿಂತಿತು. ರೋಗ ನಿಲ್ಲಲಿಲ್ಲ, ಚುಚ್ಚಿಸಿಕೊಂಡ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ನಂತರ ಕ್ಯಾನ್ಸರು ತಲೆಯೆತ್ತುತ್ತಾ ಹೋಯಿತು.

ಇಲ್ಲಿ ಕೆಡುಕು ಮಾಡಿದ್ದು ವಿಕಿರಣ. ಕಣದ ಚಿಕ್ಕತನವೊಂದೇ ಅಲ್ಲ. ಇಂದಿನ ಚಿನ್ನ, ಕಬ್ಬಿಣಗಳ ಕಣಗಳನ್ನು ಅದರೊಡನೆ ಸಮ ಮಾಡುವುದು ತಪ್ಪಾದೀತು. ಆದರೆ ವಿಕಿರಣವನ್ನು ಯಕೃತ್ತಿನಲ್ಲಿ ಕೂಡಿಸಿ, ಆಯುಷ್ಯಪೂರ್ತಿ ಅಲ್ಲಿಯೇ ಇರಿಸಿದ್ದು ಕಣದ ಗಾತ್ರ ಮತ್ತು ಕರಗದ ಗುಣ. ಈ ಎರಡನೆಯ ಪಾಠ ಇಂದಿಗೂ ಸಲ್ಲುತ್ತದೆ.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಕಾಡುವುದು ಇನ್ನೊಂದು ಸಂಗತಿ. ಮೂವತ್ತು ವರ್ಷಗಳ ಹಿಂದಿನ ಒಂದು ಸೂಜಿಗೂ ಇಂದಿನ ರೋಗಕ್ಕೂ ನಂಟಿದೆಯೆಂದು ಪ್ರಪಂಚಕ್ಕೆ ಖಚಿತವಾಗಿ ತಿಳಿದದ್ದು ಹೇಗೆ? ಜರ್ಮನಿ, ಡೆನ್ಮಾರ್ಕ್, ಪೋರ್ಚುಗಲ್, ಜಪಾನ್ ದೇಶಗಳಲ್ಲಿ ಯಾರಿಗೆ, ಎಂದು ಕೊಟ್ಟರೆಂಬ ಆಸ್ಪತ್ರೆಯ ಕಡತಗಳು ಉಳಿದಿದ್ದವು. ಜಪಾನಿನಲ್ಲಿ ಯುದ್ಧದಲ್ಲಿ ಗಾಯಗೊಂಡ ಸೈನಿಕರ ದಾಖಲೆಗಳಿದ್ದವು. ಆ ಪಟ್ಟಿಗಳನ್ನು ಹಿಡಿದು ದಶಕಗಳ ಕಾಲ ಒಬ್ಬೊಬ್ಬರನ್ನೂ ಹಿಂಬಾಲಿಸಿದರು. ಪಟ್ಟಿಯಿಲ್ಲದ ಊರಿನಲ್ಲಿ ಅದೇ ರೋಗಿ ಅದೇ ಕ್ಯಾನ್ಸರಿನಿಂದ ಸತ್ತರೆ ಅದು ‘ಹಣೆಬರಹ’ವಾಗುತ್ತಿತ್ತು. ಹಣೆಬರಹಕ್ಕೂ ಅನ್ಯಾಯಕ್ಕೂ ನಡುವೆ ಕೆಲವೊಮ್ಮೆ ಒಂದು ರಿಜಿಸ್ಟರಿನ ಅಂತರವಷ್ಟೇ ಇರುತ್ತದೆ.

ಲೆಕ್ಕವಿಟ್ಟರೆ ಏನಾಗುತ್ತದೆಂಬುದಕ್ಕೆ ಹತ್ತಿರದ ಉದಾಹರಣೆಯೂ ಉಂಟು. ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆಂದು 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫೆರುಮಾಕ್ಸಿಟಾಲ್ ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣ. ಇದನ್ನು ಎಂಆರ್‌ಐ ಚಿತ್ರಕ್ಕೂ ಬಳಸುವವರಿದ್ದಾರೆ. ಮಾರುಕಟ್ಟೆಗೆ ಬಂದ ಮೇಲೆ ತೀವ್ರ ಅಲರ್ಜಿಯ ವರದಿಗಳು ಬಂದವು. 79 ಪ್ರಕರಣಗಳಲ್ಲಿ 18 ಮಂದಿ ತೀರಿಕೊಂಡಿದ್ದರೆಂದು 2015ರಲ್ಲಿ ಅಲ್ಲಿಯ ಔಷಧ ಇಲಾಖೆ ಪ್ರಕಟಿಸಿತು. ಔಷಧವನ್ನು ನಿಷೇಧಿಸಲಿಲ್ಲ, ಸರ್ರನೆ ಚುಚ್ಚಬಾರದು, ಸಲೈನಿನಂತೆ ಕನಿಷ್ಠ 15 ನಿಮಿಷ ನಿಧಾನವಾಗಿ ಇಳಿಸಬೇಕು, ಆಮೇಲೂ ಅರ್ಧ ಗಂಟೆ ರೋಗಿಯನ್ನು ಗಮನಿಸಬೇಕೆಂದು ಕಟ್ಟುಮಾಡಿತು. ಯಾರೋ ವರದಿ ಬರೆದರು, ಯಾರೋ ಓದಿದರು. ಮುಂದಿನ ರೋಗಿಗೆ ದಾರಿ ಸ್ವಲ್ಪ ಸುಗಮವಾಯಿತು.

ಈಗ ಒಂದು ಆಕ್ಷೇಪಣೆ ಬರಬಹುದು. ‘ಎಲ್ಲ ಮದ್ದಿನಲ್ಲಿಯೂ ಅಪಾಯವುಂಟು. ಮೂವತ್ತು ವರ್ಷ ಕಾದು ನೋಡಿ ಆಮೇಲೆ ಕೊಡುತ್ತೇವೆಂದರೆ ಇಂದು ಹಾಸಿಗೆ ಹಿಡಿದವನ ಗತಿಯೇನು?’ ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಆರು ತಿಂಗಳ ಗಡುವು ಪಡೆದ ಕ್ಯಾನ್ಸರ್ ರೋಗಿಗೆ ಮೂವತ್ತು ವರ್ಷದ ನಂತರದ ಅಪಾಯ ಹೇಳುವುದು ಒಂದು ಬಗೆಯ ಪರಿಹಾಸ್ಯ. ಅವನು ಅರಿತು ಒಪ್ಪಿದರೆ ಬೇಡವೆನ್ನಲು ನಾವು ಯಾರು? ಆದರೆ ಅದೇ ಕಣವನ್ನು ಹತ್ತು ವರ್ಷದ ಮಗುವಿನ ಸಾಧಾರಣ ತಪಾಸಣೆಯ ಚಿತ್ರಕ್ಕೆ ಬಳಸುವುದಾದರೆ ತಕ್ಕಡಿಯೇ ಬೇರೆ. ಕಣ ಒಂದೇ, ಬಾಳಬೇಕಾದ ವರ್ಷಗಳು ಬೇರೆ. ಹೀಗೆ ನೋಡಿದರೆ ‘ಇದು ಸುರಕ್ಷಿತವೇ?’ ಎಂಬ ಪ್ರಶ್ನೆ ಅರ್ಧ ಪ್ರಶ್ನೆ. ‘ಯಾರಿಗೆ, ಯಾತಕ್ಕೆ, ಎಷ್ಟು ಕಾಲ?’ ಎಂದು ಸೇರಿಸಿದಾಗಲೇ ಅದು ಪೂರ್ತಿಯಾಗುವುದು. ಕೆಲವು ವಿಜ್ಞಾನಿಗಳು ಈ ಪ್ರಶ್ನೆಯನ್ನು ಕಣವನ್ನು ಕಟ್ಟುವಾಗಲೇ ಕೇಳಿಕೊಂಡಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸಿಲಿಕಾ ಕಣಗಳನ್ನು, ಚಿತ್ರ ತೋರಿಸಿದ ಮೇಲೆ ಮೂತ್ರದಲ್ಲಿ ಹೊರಹೋಗುವಷ್ಟು ಚಿಕ್ಕದಾಗಿ ಮಾಡಿದರು. ಮನುಷ್ಯರಲ್ಲಿ ಮೊದಲ ಪರೀಕ್ಷೆಗೆ 2011ರಲ್ಲಿ ಅನುಮತಿ ಸಿಕ್ಕಿತು. ಐವರು ರೋಗಿಗಳ ಮೇಲಿನ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅತಿಥಿ ಬರುವ ಮೊದಲೇ ಹೊರಡುವ ದಿನವನ್ನು ನಿಶ್ಚಯಿಸಿದಂತೆ!

ಒಪ್ಪಿಗೆಯೆಂದೆವು. ಅದು ಹೇಗೆ ಕೆಡುತ್ತದೆಂಬುದಕ್ಕೆ ನಮ್ಮ ನೆರೆಯ ವಡೋದರಾ ಜಿಲ್ಲೆಯನ್ನೇ ನೋಡಬಹುದು. ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯಲ್ಲಿರುವುದು ವೈರಾಣುವಿನ ಟೊಳ್ಳು ಕವಚ; ಗಾತ್ರ ಸುಮಾರು 55 ನ್ಯಾನೋಮೀಟರು. 2009ರಲ್ಲಿ ಈ ಜಿಲ್ಲೆಯ ಮತ್ತು ಆಂಧ್ರದ ಖಮ್ಮಂ ಜಿಲ್ಲೆಯ ಸಾವಿರಾರು ಬಾಲಕಿಯರಿಗೆ ಒಂದು ಪ್ರಾತ್ಯಕ್ಷಿಕೆ ಯೋಜನೆಯಡಿ ಇದನ್ನು ಹಾಕಿದರು. ಕೆಲವು ಸಾವುಗಳ ಸುದ್ದಿ ಬಂದು 2010ರ ಏಪ್ರಿಲಿನಲ್ಲಿ ಯೋಜನೆ ನಿಂತಿತು. ವಿಚಾರಣೆ ನಡೆಸಿದ ಸಮಿತಿಗೆ ಆ ಸಾವುಗಳಿಗೆ ಲಸಿಕೆ ಕಾರಣವೆಂದು ಕಂಡುಬರಲಿಲ್ಲ. ಲಸಿಕೆ ಒಳ್ಳೆಯದೇ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಎಲ್ಲ ದೇಶಗಳಿಗೂ ಶಿಫಾರಸು ಮಾಡುತ್ತದೆ. ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸತ್ತಿನ ಸ್ಥಾಯೀ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. ಖಮ್ಮಂ ಕಡೆ ಹಾಸ್ಟೆಲಿನ ವಾರ್ಡನ್ನರು ತಂದೆತಾಯಿಯರ ಬದಲು ಸಹಿ ಹಾಕಿದ್ದರು. ಗುಜರಾತಿನ ಫಾರಂಗಳಲ್ಲಿ ಹೆಬ್ಬೆಟ್ಟಿನ ಗುರುತುಗಳೇ ತುಂಬಿದ್ದವು. ಫಲವೇನಾಯಿತು? ಪ್ರಾಣ ಉಳಿಸಬಲ್ಲ ಒಂದು ಮದ್ದಿನ ಮೇಲೆ ಜನರ ಸಂಶಯ ಬಿದ್ದು, ಅದು ನಮ್ಮ ಹೆಣ್ಣುಮಕ್ಕಳನ್ನು ಮುಟ್ಟುವುದು ವರ್ಷಗಟ್ಟಲೆ ತಡವಾಯಿತು. ಮದ್ದು ಒಳ್ಳೆಯದಾಗಿದ್ದರೆ ಸಾಲದು, ಕೊಡುವ ಕೈಯೂ ಒಳ್ಳೆಯದಾಗಿರಬೇಕು.

ಈ ಹೆಬ್ಬೆಟ್ಟಿನ ಮಾತು ನಮಗೂ ತಟ್ಟುವಂಥದು. ಓದುಬರಹ ಬಲ್ಲವರೆಂದು ನಾವು ಬೀಗುವಂತಿಲ್ಲ. ಊರಿನಿಂದ ಮಗನ ಮನೆಗೆಂದು ಬಂದ ತಾಯಿ ಸೂರತ್ತಿನ ದೊಡ್ಡಾಸ್ಪತ್ರೆಯಲ್ಲಿ ಮಲಗಿದಾಗ, ಗುಜರಾತಿಯಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಫಾರಮಿನ ಮುಂದೆ ಅವರೂ ನಿರಕ್ಷರಿಯೇ. ‘ಅಮ್ಮಾ, ಇಲ್ಲಿ ಒಂದು ಸಹಿ ಹಾಕು, ಚಿತ್ರ ತೆಗೀಬೇಕಂತೆ’ ಎಂದು ಮಗ ಹೇಳುತ್ತಾನೆ. ಅವರು ದುಂಡಾದ ಕನ್ನಡ ಅಕ್ಷರದಲ್ಲಿ ಹೆಸರು ಬರೆಯುತ್ತಾರೆ. ಅದು ಪ್ರೀತಿಯ ಸಹಿ; ಒಪ್ಪಿಗೆಯ ಸಹಿಯೆನ್ನಲಾದೀತೆ? ಹೊಸ ಔಷಧದ ಪ್ರಯೋಗಗಳಲ್ಲಿ ಒಪ್ಪಿಗೆಯ ಪತ್ರ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿಯೇ ಇರಬೇಕು, ಓದಲಾರದವರಿಗೆ ನಿಷ್ಪಕ್ಷಪಾತ ಸಾಕ್ಷಿಯಿರಬೇಕೆಂದು 2019ರ ಕೇಂದ್ರ ನಿಯಮಗಳು ಹೇಳುತ್ತವೆ. ಅದೇ ವರ್ಷ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗದರ್ಶಿ ಸೂತ್ರಗಳನ್ನೂ ಕೇಂದ್ರ ಸರಕಾರ ಹೊರತಂದಿತು. ಕಾನೂನು ಬಾಗಿಲು ತೆರೆದಿದೆ. ಕನ್ನಡದಲ್ಲಿ ಹೇಳಿರೆಂದು ಕೇಳುವ ಕೆಲಸ ನಮ್ಮದು.

ಕೇಳದೆಯೇ ಒಳಹೋಗುವ ಕಣದ ಮಾತನ್ನು ಇಲ್ಲಿ ಬಿಟ್ಟರೆ ಲೇಖನ ಅರ್ಧವಾದೀತು. ರೋಗಿಗಾದರೋ ಒಂದು ಫಾರಮಿದೆ. ಬೆಸುಗೆ ಹಾಕುವವನಿಗೆ? ವೆಲ್ಡಿಂಗಿನ ಹೊಗೆಯಲ್ಲಿ 100 ನ್ಯಾನೋಮೀಟರಿಗಿಂತ ಚಿಕ್ಕ ಲೋಹದ ಕಣಗಳು ತುಂಬಿರುತ್ತವೆ. ಅದು ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ತೀರ್ಮಾನಿಸಿತು. ‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ನಮ್ಮ ಗಾದೆ. ಕಣಗಳ ಲೋಕದಲ್ಲಿ ಮಾಡಿದವನೊಬ್ಬ, ಉಣ್ಣುವವನೊಬ್ಬ. ಅದೂ ಮೂವತ್ತು ವರ್ಷ ತಡವಾಗಿ.

ಗುಜರಾತಿನ ಗೋಧ್ರಾ ಸುತ್ತಲಿನ ಬೆಣಚುಕಲ್ಲು ಪುಡಿಮಾಡುವ ಕಾರ್ಖಾನೆಗಳಿಗೆ ಮಧ್ಯಪ್ರದೇಶದ ಆಲಿರಾಜಪುರ, ಝಾಬುವಾ ಕಡೆಯ ಬಡ ಆದಿವಾಸಿಗಳು ಕೂಲಿಗೆ ಬಂದರು. ಅಲ್ಲಿಯ ಧೂಳು ನ್ಯಾನೋ ಗಾತ್ರಕ್ಕಿಂತ ದೊಡ್ಡದೇ, ಆದರೆ ಶ್ವಾಸಕೋಶದಲ್ಲಿ ಕೂತರೆ ಏಳದ ಜಾತಿ. ಊರಿಗೆ ಮರಳಿ ಒಬ್ಬೊಬ್ಬರಾಗಿ ಸಿಲಿಕೋಸಿಸ್‌ನಿಂದ ಸತ್ತರು. ಮಾನವ ಹಕ್ಕುಗಳ ಆಯೋಗ 2010ರಲ್ಲಿ ಶಿಫಾರಸು ಮಾಡಿ, ಸುಪ್ರೀಂ ಕೋರ್ಟು 2016ರಲ್ಲಿ ಆದೇಶಿಸಿದ ಮೇಲೆಯೇ 238 ಮೃತರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿಯ ಪರಿಹಾರ ನಿಶ್ಚಯವಾದದ್ದು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಾದರೋ 1940ರಿಂದ 46ರವರೆಗೆ 7,653 ಕೆಲಸಗಾರರನ್ನು ಪರೀಕ್ಷಿಸಿದ್ದರು. ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿತ್ತೆಂದು ಅಂಕಿಯಾದರೂ ಉಳಿದಿದೆ. ಅಂಕಿ ರೋಗವನ್ನು ವಾಸಿ ಮಾಡದು. ಆದರೆ ‘ಇಂಥದೇನೂ ಆಗಿಲ್ಲ’ ಎನ್ನುವ ಬಾಯಿಯನ್ನು ಮುಚ್ಚಿಸುತ್ತದೆ.

ನಮ್ಮ ನಿಲುವನ್ನು ಈಗ ನೇರವಾಗಿ ಹೇಳಬಹುದು. ಕಣ ದೇಹದಲ್ಲಿ ಎಷ್ಟು ಕಾಲ ಉಳಿಯಬಲ್ಲದೋ ಅಷ್ಟು ಕಾಲ ಅದನ್ನಿಟ್ಟವರ ಹೊಣೆಯೂ ಉಳಿಯಬೇಕು. ಹೊಣೆ ಉಳಿಯಬೇಕಾದರೆ ದಾಖಲೆ ಉಳಿಯಬೇಕು. ಇಂದಿನ ಸ್ಥಿತಿ ಏನು? ಒಳರೋಗಿಯ ದಾಖಲೆಯನ್ನು ವೈದ್ಯರು 3 ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನಡವಳಿಕೆಯ ನಿಯಮ ಹೇಳುತ್ತದೆ. ಕಣದ ಆಯುಸ್ಸು ಮೂವತ್ತು, ಕಾಗದದ ಆಯುಸ್ಸು ಮೂರು! ನಡುವಿನ ಇಪ್ಪತ್ತೇಳು ವರ್ಷಕ್ಕೆ ಯಾರು ದಿಕ್ಕು? ಊರಿನಲ್ಲೇ ಹುಟ್ಟಿ ಊರಿನಲ್ಲೇ ಸಾಯುವವರಿಗೆ ಮನೆವೈದ್ಯರ ನೆನಪಾದರೂ ಇರುತ್ತದೆ. ಹುಬ್ಬಳ್ಳಿಯಿಂದ ವಡೋದರಾಕ್ಕೆ, ಅಲ್ಲಿಂದ ಹಜೀರಾಕ್ಕೆ, ನಿವೃತ್ತಿಯ ನಂತರ ಬೆಂಗಳೂರಿಗೆ ಸಾಗುವ ನಮ್ಮಂಥವರಿಗೆ ಆ ನೆನಪೂ ಇಲ್ಲ. ವರ್ಗವಾದಾಗ ಪಾತ್ರೆಪಡಗಗಳನ್ನು ಎಣಿಸಿ ಲಾರಿಗೆ ಏರಿಸುತ್ತೇವೆ. ಹಳೆಯ ಸ್ಕ್ಯಾನಿನ ಕಾಗದಗಳನ್ನು ರದ್ದಿಯವನಿಗೆ ಹಾಕುತ್ತೇವೆ.

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಚಿತ್ರ ತೆಗೆಯುವ ಮುನ್ನ ಚುಚ್ಚುವ ದ್ರವದ ಹೆಸರು, ಪ್ರಮಾಣ, ತಾರೀಖುಗಳನ್ನು ಕೇಳಿ ಬರೆಸಿಕೊಳ್ಳುವುದು ನಮ್ಮ ಹಕ್ಕು. ಡಿಸ್ಚಾರ್ಜ್ ಚೀಟಿಯನ್ನೂ ಸ್ಕ್ಯಾನಿನ ವರದಿಯನ್ನೂ ಜಾತಕದಷ್ಟೇ ಜೋಪಾನವಾಗಿಡಬೇಕು. 2021ರಿಂದ ಸರಕಾರ ನೀಡುತ್ತಿರುವ ಆಭಾ ಸಂಖ್ಯೆಯಡಿ ಸೇರಿಸಿಟ್ಟರೆ ಇನ್ನೂ ಒಳ್ಳೆಯದು. ಔಷಧದಿಂದ ತೊಂದರೆಯಾದರೆ ವೈದ್ಯರಷ್ಟೇ ಅಲ್ಲ, ರೋಗಿಯೂ 1800-180-3024 ಎಂಬ ಶುಲ್ಕರಹಿತ ಸಂಖ್ಯೆಗೆ ತಿಳಿಸಬಹುದು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ್ದು ಅದು. ಕಾರ್ಖಾನೆಯಲ್ಲಿ ದುಡಿಯುವವರು ವಾರ್ಷಿಕ ತಪಾಸಣೆಯ ಪ್ರತಿಯನ್ನು ಕೇಳಿ ಪಡೆಯಬೇಕು. ಖಾಯಂ ನೌಕರನಿಗೆ ಅದು ಸುಲಭ, ಗುತ್ತಿಗೆಯವನಿಗೆ ಕಷ್ಟ. ಆದ್ದರಿಂದಲೇ ನಮ್ಮ ಇಂಜಿನಿಯರ್ ಮಿತ್ರರು ತಮ್ಮ ಕೈಕೆಳಗಿನ ಗುತ್ತಿಗೆಯಾಳಿನ ಪರವಾಗಿ ಕೇಳಬೇಕಾಗಿದೆ. ಆಸ್ಪತ್ರೆಯಲ್ಲಿ ಭಾಷೆ ತೊಡಕಾದ ಹಿರಿಯರಿಗೆ ಫಾರಮನ್ನು ಕನ್ನಡದಲ್ಲಿ ಓದಿ ಹೇಳಲು ನಾಲ್ಕಾರು ಮಂದಿ ಮುಂದೆ ಬಂದರೆ, ಅದು ರಾಜ್ಯೋತ್ಸವದ ಭಾಷಣಕ್ಕಿಂತ ದೊಡ್ಡ ಕನ್ನಡ ಸೇವೆಯೆಂದು ನಮ್ಮ ನಂಬಿಕೆ.

ಅಣುವಿನಲ್ಲಿ ಮಹತ್ತನ್ನು ಕಾಣು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರು ಹೇಳಿದ್ದು ಪರತತ್ವದ ಮಾತು. ಕಣ್ಣಿಗೆ ಕಾಣದ ಕಣವೊಂದು ಮೂವತ್ತು ವರ್ಷ ಒಬ್ಬ ಮನುಷ್ಯನ ಯಕೃತ್ತಿನಲ್ಲಿ ಕುಳಿತಿರುವಾಗ, ಅದನ್ನು ಅಲ್ಲಿರಿಸಿದವರಿಗೆ ಅವನ ಹೆಸರು ನೆನಪಿರಬೇಕೆಂಬುದು ಅಷ್ಟು ದೊಡ್ಡ ತತ್ತ್ವವೇನಲ್ಲ. ಸಾಲ ಕೊಟ್ಟ ಅಂಗಡಿಯವನೂ ತೀರುವವರೆಗೆ ಪುಸ್ತಕದಲ್ಲಿ ಹೆಸರು ಹೊಡೆಯುವುದಿಲ್ಲ.